ಕಾಲನಿಯಮವೂ ವಿಳಂಬವೂ

ಜನಸಂದಣಿಯಿಲ್ಲದ ವೇಳೆಗೆಂದೇ ಬ್ರಿಟನ್ನಿನ ರೈಲ್ವೆಯಲ್ಲಿ ಕಡಿಮೆ ದರಕ್ಕೆ ಮಾರುವ ‘ಆಫ್‌-ಪೀಕ್’ ಟಿಕೇಟನ್ನು ಕೊಂಡ ಪ್ರಯಾಣಿಕನು, ಮೊದಲ ಗಾಡಿಯ ವಿಳಂಬದಿಂದ ಮುಂದಿನದು ತಪ್ಪಿ, ಲಂಡನ್ನಿನ ನಿಲ್ದಾಣದೊಳಗೆ ಸಂಜೆಯ ನಿಷಿದ್ಧ ವೇಳೆಯಲ್ಲಿ ಗೇಟಿನೆದುರು ನಿಂತಾಗ, ನಿಯಮವನ್ನು ಮುರಿದವರು ಯಾರೆಂಬ ಪ್ರಶ್ನೆ ಏಳುವುದು. ನಿರ್ಬಂಧವು ಸಾಮಾನ್ಯವಾಗಿ ವೇಳಾಪಟ್ಟಿಯ ಹೊತ್ತನ್ನೇ ಹೇಳುವುದರಿಂದ, 9-15ರ ಗಾಡಿ ಹತ್ತಕ್ಕೆ ಹೊರಟರೂ 9-15ರದೇ. ಇದು ನಿಯಮದ ಅಕ್ಷರದ ಮಾತಾಯಿತು; ಇನ್ನು ಅದರ ಆಶಯವನ್ನು ನೋಡೋಣ. ಸಂಧ್ಯಾವಂದನೆಯ ಕಾಲ ಮೀರಿದವನಿಗೂ ನಮ್ಮ ಶಾಸ್ತ್ರವು ಕರ್ಮವನ್ನು ನಿರಾಕರಿಸದೆ, ಪ್ರಾಯಶ್ಚಿತ್ತಾರ್ಘ್ಯವೊಂದನ್ನು ವಿಧಿಸಿ ದಾರಿ ಬಿಟ್ಟಿದೆ. ಅಲ್ಲಿ ತಡಮಾಡಿದವನು ಕರ್ತೃವೇ. ಇಲ್ಲಿಯಾದರೋ ತಡಮಾಡಿದವನು ವಾಹಕ. ಆದುದರಿಂದ ಪ್ರಾಯಶ್ಚಿತ್ತವೂ ಅವನದೇ. ವಿಳಂಬಕ್ಕಾಗಿ ದರದ ಅಂಶವನ್ನು ಹಿಂದಿರುಗಿಸುವ ಏರ್ಪಾಡು ಬ್ರಿಟನ್ನಿನಲ್ಲಿ ಉಂಟು, ನಿಜ. ಆದರೆ ನಿರಪರಾಧಿಯಾದವನನ್ನು ಅದೇ ಟಿಕೇಟಿನ ಮೇಲೆ, ಮರುಮಾತಿಲ್ಲದೆ, ಗೌರವದಿಂದ ಗಾಡಿ ಹತ್ತಿಸುವುದೇ ಮೊದಲು ಸಲ್ಲಬೇಕಾದ ಋಣವೆಂದು ನಾನು ದೃಢವಾಗಿ ನಂಬಿದ್ದೇನೆ.