ಫಲವೂ ವಿವೇಕವೂ

ತಪ್ಪು ಕ್ರಮದಲ್ಲಿ ಲೆಕ್ಕ ಮಾಡಿದರೂ ಒಮ್ಮೊಮ್ಮೆ ಉತ್ತರ ಸರಿಯಾಗಿ ಬಂದುಬಿಡುತ್ತದೆ. ಅಂಥ ಪುಸ್ತಕವನ್ನು ತಿದ್ದುವಾಗ ಉಪಾಧ್ಯಾಯರಾದ ನಮಗೆ ಧರ್ಮಸಂಕಟ. ಹುಡುಗನಾದರೋ ತಾನು ಗೆದ್ದೆನೆಂದೇ ತಿಳಿದಿರುತ್ತಾನೆ. ಹಿಮಪರ್ವತಗಳಲ್ಲಿ ಸಂಚರಿಸುವವರ ವೃತ್ತಾಂತಗಳನ್ನು ಓದುವಾಗ ಇದೇ ಪ್ರಶ್ನೆ ನಮ್ಮೆದುರು ಮತ್ತೆ ನಿಂತಿತು.

ವಸಂತಕಾಲದ ಹಿಮವು ಒಂದೇ ದಿನದಲ್ಲಿ ಎರಡು ಸ್ವಭಾವಗಳನ್ನು ತೋರುತ್ತದೆ. ನಿರ್ಮಲವಾದ ರಾತ್ರಿಯ ಚಳಿಗೆ ಅದರ ಮೈ ಗಟ್ಟಿಯಾಗುವುದು. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು ಹಿಮಕಣಗಳ ಬೆಸುಗೆಯನ್ನು ಸಡಿಲಿಸುವುದು. 30ರಿಂದ 45 ಡಿಗ್ರಿಯವರೆಗಿನ ಇಳಿಜಾರುಗಳೇ ಹೆಚ್ಚಾಗಿ ಕುಸಿಯುವಂಥವು. ಆದಕಾರಣ ಬಲ್ಲವರು ನಸುಕಿಗೆ ಮುನ್ನವೇ ಹೊರಟು ಹಿಮ ಮೆತ್ತಗಾಗುವ ಮೊದಲೇ ಹಿಂದಿರುಗುತ್ತಾರೆ. ರಾತ್ರಿ ಮೋಡ ಕವಿದು ಹಿಮ ಹೆಪ್ಪುಗಟ್ಟದಿದ್ದರೆ ಹೊರಡುವುದನ್ನೇ ಬಿಡುತ್ತಾರೆ. ಸಂಶಯದ ಸ್ಥಳವನ್ನು ಒಬ್ಬೊಬ್ಬರಾಗಿ ದಾಟುತ್ತಾರೆ. ರೇಡಿಯೋ ಸೂಚಕ, ಹುಡುಕುವ ಉದ್ದನೆಯ ಕೋಲು, ಸಲಿಕೆ ಇವು ಪ್ರತಿಯೊಬ್ಬನ ಬಳಿಯೂ ಇರಬೇಕು. ಹುಗಿದುಹೋದವನು ಕಾಲುಗಂಟೆ ಕಳೆದ ಮೇಲೆ ಬದುಕಿ ಸಿಗುವ ಆಸೆ ಬಹು ಬೇಗ ಕುಗ್ಗುತ್ತದೆ.

ಆದರೆ ಈ ನಿಯಮಗಳನ್ನು ಮೀರಿದವರಲ್ಲಿಯೂ ಅನೇಕರು ಕ್ಷೇಮವಾಗಿ ಮರಳುತ್ತಾರೆ! ಪರ್ವತವು ಅವರ ತಪ್ಪಿಗೆ ಕೆಂಪು ಗೆರೆ ಎಳೆಯುವುದಿಲ್ಲ. ಹತ್ತು ಸಲ ಅದೃಷ್ಟದಿಂದ ಉಳಿದವನು ಅದನ್ನು ಅನುಭವವೆಂದು ಕರೆದು ಹನ್ನೊಂದನೆಯ ಸಲ ಇತರರನ್ನೂ ಕರೆದೊಯ್ಯುತ್ತಾನೆ.

ಇದಕ್ಕೆ ಎದುರಾದ ನಿದರ್ಶನವೂ ಉಂಟು. ಅದೇ ನಮ್ಮನ್ನು ಹೆಚ್ಚು ಕಲಕಿದ್ದು. 1922ರ ಜೂನ್ 7ರಂದು ಮ್ಯಾಲರಿ, ಸೋಮರ್ವೆಲ್, ಕ್ರಾಫರ್ಡ್ ಎಂಬ ಮೂವರು ಹದಿನಾಲ್ಕು ಮಂದಿ ಹೊರೆಯಾಳುಗಳೊಡನೆ ಎವರೆಸ್ಟಿನ ಉತ್ತರದ ಕಣಿವೆಮಾರ್ಗದ ಇಳಿಜಾರನ್ನು ಏರುತ್ತಿದ್ದರು. ಅದು ವಸಂತದ ಹಿಮವಲ್ಲ, ಮಳೆಗಾಲದ ಆರಂಭದಲ್ಲಿ ಹೊಸದಾಗಿ ಬಿದ್ದದ್ದು. ಅವರು ಅಜಾಗರೂಕರೇನೂ ಆಗಿರಲಿಲ್ಲ. ಕಡಿದಾದ ಒಂದೆಡೆ ಹಿಮವನ್ನು ಪರೀಕ್ಷಿಸಿ, ಅದು ಜಾರದಿದ್ದುದನ್ನು ಕಂಡೇ ಮುಂದುವರಿದರು. ಆದರೂ ಇಳಿಜಾರು ಕುಸಿಯಿತು. ಏಳು ಮಂದಿ ಹೊರೆಯಾಳುಗಳು ಸತ್ತರು. ಮೂವರು ಆಂಗ್ಲರೂ ಉಳಿದರು.

ಪರೀಕ್ಷಿಸಿ ನಡೆದವರನ್ನು ಫಲವೊಂದನ್ನೇ ನೋಡಿ ದೂಷಿಸುವುದು ನ್ಯಾಯವೇ? ಅಲ್ಲವೆಂದು ಹೇಳಬೇಕೆಂದಿದ್ದೆವು. ಆದರೆ ಹೇಳಲು ನಾಲಗೆ ಏಳುವುದಿಲ್ಲ. ತನ್ನ ಪ್ರಾಣವನ್ನು ಪಣಕ್ಕೊಡ್ಡುವವನಿಗೆ ಒಂದು ಪರೀಕ್ಷೆ ಸಾಕಾದೀತು. ಕೂಲಿಗಾಗಿ ಹಗ್ಗ ಹಿಡಿದು ಹಿಂದೆ ಬರುವವರ ಪ್ರಾಣಕ್ಕೂ ಅದೇ ಸಾಕೆ? ಹಿಂದಿರುಗೋಣವೆಂಬ ಮಾತು ಹೊರೆಯಾಳಿನ ಬಾಯಿಂದ ಬರುವುದು ಸುಲಭವಲ್ಲ. ತರಗತಿಯಲ್ಲಿಯೂ, ಅರ್ಥವಾಗಲಿಲ್ಲವೆಂದು ಏಳುವ ಮಗು ಅಪರೂಪವಷ್ಟೆ.

ಮ್ಯಾಲರಿ ಆ ಸಾವುಗಳಿಗೆ ತಾನೇ ಹೊಣೆಯೆಂದು ನೊಂದರು. ಸತ್ತವರಲ್ಲಿ ತಮ್ಮವರೊಬ್ಬರೂ ಇಲ್ಲವೆಂಬುದು ಸೋಮರ್ವೆಲ್‌ರನ್ನು ಬಾಧಿಸಿತು. ವೈದ್ಯರಾಗಿದ್ದ ಅವರು ಮುಂದೆ ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಯಲ್ಲಿ ಅನೇಕ ವರ್ಷ ರೋಗಿಗಳ ಸೇವೆ ಮಾಡಿದರು.