ಮುದಿ ವೀರನನ್ನು ಕಂಡು ನಕ್ಕ ಸಂಜೆ



ನಗುವುದು ಪಾಪವೇ? ಪಾಪನಿವೇದನೆಗೆ ಬರುವವರಲ್ಲಿ ಯಾರೂ ಇದುವರೆಗೆ ನನ್ನನ್ನು ಹೀಗೆ ಕೇಳಿಲ್ಲ. ಕೇಳಿಕೊಳ್ಳಬೇಕಾಗಿ ಬಂದದ್ದು ನನಗೇ.

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ತುರುವೇಕೆರೆ ಕಡೆಯ ಒಂದು ಮನೆಯಲ್ಲಿ ಜಪಸರ ಮುಗಿಸಿ ಕುಳಿತಿದ್ದೆವು. ಹೊರಗೆ ಜಿಟಿಜಿಟಿ ಮಳೆ. ಹುಡುಗರು ಟಿ.ವಿ. ಹಾಕಿದರು. ಒಂದು ಕಾಲದಲ್ಲಿ ಹೆಸರು ಮಾಡಿದ್ದ ಸಾಹಸನಟರೊಬ್ಬರ ಕರಾಟೆ ಸಿನಿಮಾ ಬರುತ್ತಿತ್ತು. ಚಿತ್ರದ ಹೆಸರು ಬೇಡ, ನಟರ ಹೆಸರೂ ಬೇಡ. ಬಹಳ ಕಡಿಮೆ ಖರ್ಚಿನಲ್ಲಿ ತೆಗೆದದ್ದೆಂಬುದು ಮೊದಲ ಹತ್ತು ನಿಮಿಷದಲ್ಲೇ ತಿಳಿಯಿತು. ಖಳರ ಗುಂಪಿನಲ್ಲಿ ಅದೇ ನಾಲ್ಕು ಮುಖಗಳು ಮತ್ತೆ ಮತ್ತೆ ಬಂದು ಒದೆ ತಿಂದು ಹೋಗುತ್ತಿದ್ದವು. ನಾಯಕರಿಗೆ ಅರವತ್ತರ ಹತ್ತಿರ. ಕಾಲು ಸೊಂಟದ ಮೇಲಕ್ಕೆ ಏಳುತ್ತಿರಲಿಲ್ಲ. ಹಾರಬೇಕಾದಾಗ ಹಿಂದಿನಿಂದ ಬೇರೊಬ್ಬನನ್ನು ತೋರಿಸುತ್ತಿದ್ದರು. ಗುದ್ದು ಎದುರಾಳಿಯ ಮುಖದಿಂದ ಒಂದು ಮೊಳ ದೂರದಲ್ಲೇ ನಿಂತುಬಿಡುತ್ತಿತ್ತು, ಆದರೂ ಅವನು ಬೀಳುತ್ತಿದ್ದ. ಹುಡುಗರು ಬಿದ್ದು ಬಿದ್ದು ನಕ್ಕರು. ನಿಜ ಹೇಳಬೇಕೆಂದರೆ, ಮೊದಲು ನಕ್ಕವನು ನಾನೇ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ, ತಾವು ಗಾಳಿಗೆ ಗುದ್ದುವ ಮಲ್ಲರಲ್ಲ ಎನ್ನುತ್ತಾರಲ್ಲ, ಅದನ್ನು ನೆನಪಿಸಿ ಒಂದು ಚಟಾಕಿಯನ್ನೂ ಹಾರಿಸಿದೆ.

ಆ ಮನೆಯ ಯಜಮಾನರು ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ಮಂಡಿ ನೀವಿಕೊಳ್ಳುತ್ತಿದ್ದರು. ಅವರ ಕಸುಬು ತೆಂಗಿನ ಮರ ಹತ್ತುವುದು. ಅವರಿಗೂ ಅರವತ್ತರ ಹತ್ತಿರ. "ಪಾಪ, ಆ ಕಾಲು ನೋಡಿ ಫಾದರ್, ನೋವಿದೆ ಅದರಲ್ಲಿ," ಎಂದರು, ಅಷ್ಟೇ.

ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಗುರುಮಠದಲ್ಲಿ ಓದಿದ್ದನ್ನು ಕೆದಕಿದೆ. ಸಂತ ತೋಮಸ್ ಅಕ್ವಿನಾಸರು ನಗೆಯ ವೈರಿಯಲ್ಲ. ಆಟ, ವಿನೋದಗಳು ಮನಸ್ಸಿಗೆ ವಿಶ್ರಾಂತಿ, ನಟನ ವೃತ್ತಿ ತನ್ನಷ್ಟಕ್ಕೆ ತಪ್ಪಲ್ಲ, ಮಿತವಾಗಿ ಅವನಿಗೆ ಸಂಭಾವನೆ ಕೊಡುವುದೂ ತಪ್ಪಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಅದೇ ಗ್ರಂಥದಲ್ಲಿ ಅಪಹಾಸ್ಯಕ್ಕೆ ಬೇರೆಯೇ ಒಂದು ಜಾಗವಿದೆ. ಬೈಗುಳ ಒಬ್ಬನ ಮಾನ ಕಳೆಯುತ್ತದೆ. ಅಪಹಾಸ್ಯ ಅವನನ್ನು ನಾಚಿಕೆಯಿಂದ ಕುಗ್ಗಿಸಲು ನೋಡುತ್ತದೆ. ಯಾರಿಗೆ ಹೆಚ್ಚು ಗೌರವ ಸಲ್ಲಬೇಕೋ ಅವರನ್ನು ಅಪಹಾಸ್ಯ ಮಾಡಿದಷ್ಟೂ ಪಾಪ ಭಾರವಾಗುತ್ತದೆ. ಎಲ್ಲಕ್ಕಿಂತ ಘೋರ ದೇವರನ್ನು ಅಪಹಾಸ್ಯ ಮಾಡುವುದು. ಅದರ ಮುಂದಿನ ಸ್ಥಾನದಲ್ಲಿ ಅವರು ಹೆಸರಿಸುವುದು ತಂದೆತಾಯಿಗಳನ್ನು.

ಹಾಗೆಂದು ಕೆಟ್ಟ ಸಿನಿಮಾವನ್ನು ಒಳ್ಳೆಯದೆನ್ನಬೇಕೆ? ಖಂಡಿತ ಬೇಡ. ಅದು ಸುಳ್ಳಾಗುತ್ತದೆ. ದಿನದ ಕೂಲಿಯಲ್ಲಿ ಟಿಕೆಟು ಕೊಂಡವನಿಗೆ ಗೊಣಗುವ ಹಕ್ಕಿದೆ. ಕಥೆ ಟೊಳ್ಳು, ತೆಗೆದವರು ಮೈಗಳ್ಳರು ಎನ್ನಿ, ದಯೆಗೆ ಅದರಿಂದ ಭಂಗವಿಲ್ಲ. ಆದರೆ ನಾವು ಆ ಸಂಜೆ ನಕ್ಕದ್ದು ಕಥೆಗಲ್ಲ. ಒಬ್ಬ ಮನುಷ್ಯನ ಮಂಡಿಗೆ.

ಇನ್ನೊಂದು ವಿಚಿತ್ರ ಗಮನಿಸಿ. ಕನ್ನಡಿಗರು 'ಕರಾಟೆ ಕಿಂಗ್' ಎಂದು ಕರೆದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 35. ಇಂದಿಗೂ ಆಟೋಗಳ ಮೇಲೆ ಅವರ ಚಿತ್ರವಿದೆ, ಅದೇ ಯೌವನದಲ್ಲಿ. ಬ್ರೂಸ್ ಲೀ 1973ರಲ್ಲಿ ಸತ್ತಾಗ 32. ಅವರಿಬ್ಬರ ಕಾಲು ಸೋತದ್ದನ್ನು ನಾವು ನೋಡಲೇ ಇಲ್ಲ. ಅವರನ್ನು ಆರಾಧಿಸುತ್ತೇವೆ, ಬದುಕಿ ಉಳಿದವನನ್ನು ಗೇಲಿ ಮಾಡುತ್ತೇವೆ. ಬದುಕಿದ್ದೇ ಅವನ ಅಪರಾಧವೇನೋ ಎಂಬಂತೆ! ಸತ್ತವರನ್ನಾದರೂ ಬಿಟ್ಟರೆ? ಬ್ರೂಸ್ ಲೀ ಅರ್ಧಕ್ಕೆ ಬಿಟ್ಟುಹೋದ 'ಗೇಮ್ ಆಫ್ ಡೆತ್' ಚಿತ್ರವನ್ನು ಬದಲಿ ನಟರನ್ನು ಹಾಕಿ ಮುಗಿಸಿ 1978ರಲ್ಲಿ ಬಿಡುಗಡೆ ಮಾಡಿದರು. ಅವರ ನಿಜವಾದ ಶವಸಂಸ್ಕಾರದ ದೃಶ್ಯವನ್ನೂ ಅದರಲ್ಲಿ ಸೇರಿಸಿದರು. ದೇಹವೆಂದರೆ ನಮಗೆ ಅಷ್ಟೇ ಆಗಿಹೋಗಿದೆ, ನೋಡುವ ಸರಕು.

ಅದು ಸರಕಲ್ಲವೆಂದು ನೆನಪಾಗುವುದು ಪೆಟ್ಟು ನಿಜವಾದಾಗ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಧುಮುಕಿದ ಇಬ್ಬರು ನಟರು ಮುಳುಗಿ ಸತ್ತರು. ನಮ್ಮ ಮನರಂಜನೆಗೆ.

"ವಯಸ್ಸಾದ ಮೇಲೆ ಸುಮ್ಮನಿರಬಾರದೆ?" ಎಂದು ನೀವು ಕೇಳಬಹುದು. ಕೀರ್ತಿಯ ಹಂಬಲ ಕೆಲವರನ್ನು ಬಿಡುವುದಿಲ್ಲ, ಅದು ನಿಜ. ಆದರೆ ಆ ನಟರು ಬಂದದ್ದು ಹಂಬಲದಿಂದಲೋ, ಸಾಲದಿಂದಲೋ, ಮಗಳ ಮದುವೆಗಾಗಿಯೋ, ನಮಗೇನು ಗೊತ್ತು? ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಪೇತ್ರನಿಗೆ ಹೇಳಿದ್ದು ನೆನಪಿದೆಯೇ? ಮುದುಕನಾದಾಗ ಬೇರೊಬ್ಬರು ನಿನ್ನ ನಡು ಕಟ್ಟಿ, ನಿನಗೆ ಇಷ್ಟವಿಲ್ಲದ ಕಡೆ ಕರೆದೊಯ್ಯುತ್ತಾರೆ ಎಂದು. ಪೇತ್ರನ ಹುತಾತ್ಮ ಮರಣದ ಬಗ್ಗೆ ಹೇಳಿದ ಮಾತದು. ಆದರೂ ಮುಪ್ಪಿನವರ ಮನೆಗಳಿಗೆ ಪರಮಪ್ರಸಾದ ಒಯ್ಯುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಕೆಡವಿದ ಕೂಡಲೇ ಒಡೆಯುವುದಿಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಚಿಪ್ಪಿನೊಳಗೆ ಗುಡುಗುಡು ಎನ್ನುವವರೆಗೆ ಕಾಯುತ್ತೇವೆ. ಕಾಯಿಯ ವಿಷಯದಲ್ಲಿ ಇಷ್ಟು ತಾಳ್ಮೆ ನಮಗಿದೆ.

ಆ ಯಜಮಾನರ ಮಗ ತಿಪಟೂರಿನಲ್ಲಿ ಕಾಲೇಜು ಓದುತ್ತಾನೆ. ಅಂದು ಹೆಚ್ಚು ಜೋರಾಗಿ ನಕ್ಕವರಲ್ಲಿ ಅವನೂ ಒಬ್ಬ. ಅವನ ಶುಲ್ಕ ಬರುವುದು ಆ ಮಂಡಿಯಿಂದಲೇ. ನಾನು ಅವನಿಗೆ ಏನೂ ಹೇಳಲಿಲ್ಲ. ಹೇಳುವ ಯೋಗ್ಯತೆ ಆ ಸಂಜೆ ನನಗಿರಲಿಲ್ಲ. ಮುಂದಿನ ವಾರ ಪೂಜೆ ಮುಗಿದ ಮೇಲೆ ತಂದೆಯನ್ನು ಮಾತ್ರ ಪಕ್ಕಕ್ಕೆ ಕರೆದು, ನಕ್ಕದ್ದಕ್ಕೆ ಕ್ಷಮೆ ಕೇಳಿ, ಇನ್ನು ಮರ ಹತ್ತುವುದು ಬಿಡಬಾರದೇ ಎಂದೆ.

"ಆರು ತೋಟ ಒಪ್ಕೊಂಡಿದೀನಿ ಫಾದರ್," ಎಂದರು. "ಅವನದು ಇನ್ನೊಂದು ವರ್ಷ ಇದೆ."