ಬಂಡಾರದ ಕೋಣೆ ಖಾಲಿ ಆದದ್ದು ಯಾಕೆ?

ನೆಹೆಮೀಯ 13ನೇ ಅಧ್ಯಾಯ ತೆಗೀರಿ. ಇವತ್ತಿನ ವಿಷಯ ಹಣ. ಹಣ ಅಂದ ಕೂಡ್ಲೇ ಹಿಂದಿನ ಸಾಲಿನವರು ಬಾಗಿಲು ನೋಡ್ತಾರೆ, ನನಗೆ ಗೊತ್ತು. ಕಾಣಿಕೆ ಚೀಲ ಆಗಲೇ ತಿರುಗಿ ಆಗಿದೆ, ಆರಾಮ ಕುಂದ್ರಿ.

ನೆಹೆಮೀಯ ಅರಸನ ಹತ್ತಿರ ಹೋಗಿದ್ದ. ವಾಪಸ್ ಬಂದು ನೋಡಿದರೆ ದೇವಾಲಯದಲ್ಲಿ ದಶಮಾಂಶ ಇಡಬೇಕಾದ ದೊಡ್ಡ ಕೋಣೆಯಲ್ಲಿ ಟೋಬೀಯನ ಮನೆ ಸಾಮಾನು! ಕೊಟ್ಟವನು ಯಾರು? ಯಾಜಕನೇ. ಇತ್ತ ಲೇವಿಯರಿಗೆ, ಹಾಡುವವರಿಗೆ ಪಾಲು ಸಿಗದೆ ಅವರೆಲ್ಲ ತಮ್ಮ ತಮ್ಮ ಹೊಲಕ್ಕೆ ಹೋಗಿಬಿಟ್ಟಿದ್ದರು. ಈಗ 11ನೇ ವಚನ ನೋಡ್ರಿ. ನೆಹೆಮೀಯ ಯಾರನ್ನು ಗದರಿಸಿದ? ಜನರನ್ನಲ್ಲ, ಅಧಿಕಾರಿಗಳನ್ನು. ಕೋಣೆ ಖಾಲಿ ಮಾಡಿಸಿ ಶುದ್ಧ ಮಾಡಿಸಿದ. ಆಮೇಲೆ ಜನ ಧಾನ್ಯ, ದ್ರಾಕ್ಷಾರಸ, ಎಣ್ಣೆ ತಂದರು. 13ನೇ ವಚನದಲ್ಲಿ ಬಂಡಾರ ನೋಡಿಕೊಳ್ಳೋಕೆ ಒಬ್ಬ ಯಾಜಕ, ಒಬ್ಬ ಶಾಸ್ತ್ರಿ, ಒಬ್ಬ ಲೇವಿಯ, ಅವರ ಕೈಕೆಳಗೆ ಇನ್ನೊಬ್ಬ. ನಾಲ್ಕು ಜನ. ಯಾಕೆ ಇವರೇ? ನಂಬಿಗಸ್ತರು ಅಂತ ಹೆಸರು ಪಡೆದವರು.

ಬೈಬಲ್ ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ನಾನು ಮಾಡಿದ್ದು ಉಲ್ಟಾ. ಹುಮನಾಬಾದಿನಲ್ಲಿ ನಾವು ಕೂಡುವ ಹಾಲ್‌ನ ಬಾಡಿಗೆಗೆ ಹೊರಗಿನಿಂದ ಬರ್ತಿದ್ದ ಸಹಾಯ ನಿಂತುಹೋಯ್ತು. ಮೂರು ತಿಂಗಳ ಬಾಡಿಗೆ ಬಾಕಿ. ಮಾಲೀಕರು ಬೀಗ ಹಾಕ್ತೀನಿ ಅಂದ್ರು. ಆ ಭಾನುವಾರ ನಾನು ಮಲಾಕಿ 3 ಹಿಡಕೊಂಡು ದೇವರಿಂದ ಕದಿಯೋರು ನೀವು ಅಂತ ಕೂಗಾಡಿದೆ. ಕೂಲಿಗೆ ಹೋಗುವ ಒಬ್ಬ ಅಜ್ಜಿ ಮರುದಿನ ಕಿವಿಯ ಓಲೆ ಒತ್ತೆ ಇಟ್ಟು ದುಡ್ಡು ತಂದಳು. "ಯಪ್ಪಾ, ದೇವ್ರ ಪಾಲು ಬಾಕಿ ಇಟ್ಕೊಂಡು ಸಾಯೂದು ಬ್ಯಾಡ ನನಗ" ಅಂದಳು. ನಾನು ತಗೊಂಡೆ. ಬಾಡಿಗೆ ಕಟ್ಟಿದೆ. ಸಾಕ್ಷಿ ಅಂತ ಇನ್ನೊಂದು ಸಭೆಯಲ್ಲಿ ಹೇಳಿದೆ ಕೂಡ.

ಬಸವಕಲ್ಯಾಣದಲ್ಲಿ ಬೆಳೆದ ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತು. ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಅಂದಳು. ನನಗೆ ಹಂಗೆ ಹೇಳಿದ್ದು ನನ್ನ ಹೆಂಡತಿ. ಆ ಓಲೆ ಬಿಡಿಸಿಕೊಡೋಕೆ ನನಗೆ ಐದು ತಿಂಗಳ ಓವರ್‌ಟೈಮ್ ಬೇಕಾಯ್ತು. ಆಟೋನಗರದ ಬಿಡಿಭಾಗದ ಅಂಗಡಿಯಲ್ಲಿ ನನ್ನ ಕೆಲಸ, ನಿಮಗೆ ಗೊತ್ತೇ ಇದೆ.

ಹೊರಗಿನ ಹಣದ ಮಾತೂ ಹೇಳಿಬಿಡ್ತೀನಿ. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ ಕಾನೂನು ತಿದ್ದುಪಡಿ ಆಯ್ತು. ವಿದೇಶದ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸೋ ಹಂಗಿಲ್ಲ. ಆಡಳಿತ ಖರ್ಚಿನ ಮಿತಿ 50 ಶೇಕಡಾದಿಂದ 20ಕ್ಕೆ ಇಳೀತು. ದೊಡ್ಡ ಸಂಸ್ಥೆಯಿಂದ ಸಣ್ಣ ಸಂಸ್ಥೆಗೆ ಹರಿದು ಬರ್ತಿದ್ದ ದಾರಿ ಮುಚ್ಚಿತು. ಸರ್ಕಾರದ ಮೇಲೆ ಸಿಟ್ಟು ಮಾಡಬಹುದು, ಆದರೆ ಇಷ್ಟು ವರ್ಷ ನಮ್ಮ ಹಾಲ್‌ನ ಬಾಡಿಗೆ ಇನ್ನೊಬ್ಬರು ಕಟ್ಟಲಿ ಅಂತ ಕೂತಿದ್ದು ನಾವು.

ಕೆಲವು ಹುಡುಗರು ನನಗೆ ಮೆಸೇಜ್ ಮಾಡಿದ್ರಿ: "ಪಾಸ್ಟರ್, ಸಭೆಯಿಂದ ನೀರಿನ ಪ್ಲಾಂಟ್ ಹಾಕೋಣ, ಹಾಲ್ ಕಟ್ಟಿ ಮದುವೆಗೆ ಬಾಡಿಗೆ ಕೊಡೋಣ." ಕೆಟ್ಟ ಮಾತಲ್ಲ. ನಮ್ಮ ರಾಜ್ಯದಲ್ಲೇ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು, ನೇಯ್ಗೆಯೂ ಇತ್ತು. ಸಾವಿರಾರು ಮಂದಿಗೆ ಅನ್ನ ಸಿಕ್ಕಿತು. ಮೊದಲ ಮಹಾಯುದ್ಧ ಬಂತು, ಕಾರ್ಖಾನೆಗಳು ಮಿಷನ್ ಕೈತಪ್ಪಿ ಹೋದವು. ದಂಧೆ ಮಾಡೋದಾದ್ರೆ ವಿಶ್ವಾಸಿಗಳು ಮಾಡಲಿ, ತೆರಿಗೆ ಕಟ್ಟಲಿ, ಲಾಭದಲ್ಲಿ ಕಾಣಿಕೆ ಕೊಡಲಿ. ಸಭೆಯೇ ದಂಧೆಗೆ ಇಳಿದರೆ ಪಾಸ್ಟರ್ ಮ್ಯಾನೇಜರ್ ಆಗ್ತಾನೆ, ಅಷ್ಟೇ. ನಾನು ಹಂಗೇ ಯೋಚಿಸ್ತೀನಿ.

ನನಗೆ ಹಿಡಿಸೋದು ಮಿಜೋರಾಮಿನ ದಾರಿ. ಅಲ್ಲಿ 1910ರಿಂದ ತಾಯಂದಿರು ಅಡುಗೆ ಮಾಡುವಾಗೆಲ್ಲ ಒಂದು ಮುಷ್ಟಿ ಅಕ್ಕಿ ತೆಗೆದಿಡ್ತಾರೆ. ಸಭೆ ಅದನ್ನು ಕೂಡಿಸಿ ಮಾರ್ತದೆ, ಆ ಹಣದಿಂದ ಸೇವೆ ನಡೀತದೆ. ಬಡವರೂ ಕೊಡಬಹುದು, ಯಾರ ಓಲೆಯೂ ಹೋಗೋದಿಲ್ಲ. ನಮ್ಮಲ್ಲಿ ಜೋಳ ಇದೆ, ತೊಗರಿ ಇದೆ. ರೈತನ ಕೈಗೆ ದುಡ್ಡು ಬರೋದು ತೊಗರಿ ಮಾರಿದಾಗ, ಕೂಲಿಯವರಿಗೆ ವಾರಕ್ಕೊಮ್ಮೆ, ನಿಮಗೆ ಒಂದನೇ ತಾರೀಖಿಗೆ. ಎಲ್ಲರಿಗೂ ಒಂದೇ ದಿನ, ಒಂದೇ ಅಳತೆ ಅಂತ ನಾನು ಯಾಕೆ ಹಟ ಹಿಡಿಯಲಿ?

ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡೋರೇ, ನೀವು ಹೋಗುವ ಸಭೆಗೆ ಕೊಡ್ರಿ, ಅದು ಸರಿ. ಯೂಟ್ಯೂಬ್‌ನಲ್ಲಿ ಕಂಡ ದೊಡ್ಡ ಸೇವೆಗೂ ಕಳಿಸ್ತೀರಿ. ನಿಮಗೆ ದೀಕ್ಷಾಸ್ನಾನ ಕೊಟ್ಟ ಊರಿನ ಸಭೆ ನೆನಪಿದೆಯಾ? ಆದರೆ ಇಡೀ ಬಾಡಿಗೆ ನೀವೇ ಕಟ್ಟಬೇಡಿ! ಕಟ್ಟಿದರೆ ಹುಮನಾಬಾದಿಗೆ ನೀವೇ ಹೊಸ ವಿದೇಶ ಆಗ್ತೀರಿ. ಊರಿನವರು ಕೂಡಿಸಿದಷ್ಟಕ್ಕೆ ಜೊತೆಯಾಗ್ರಿ, ಅದಕ್ಕಿಂತ ಹೆಚ್ಚು ಬೇಡ.

ಪೌಲ ಕೊರಿಂಥದಲ್ಲಿ ಗುಡಾರ ಮಾಡಿ ದುಡಿದ, ಅಪೊಸ್ತಲರ ಕೃತ್ಯಗಳು 18:3. ಎರಡೇ ವಚನ ಮುಂದೆ, ಸೀಲನೂ ತಿಮೊಥೆಯನೂ ಮಕೆದೋನ್ಯದಿಂದ ಬಂದ ಮೇಲೆ ಪೂರ್ತಿ ವಾಕ್ಯಕ್ಕೇ ನಿಂತ. ಯಾಕಂದ್ರೆ 2 ಕೊರಿಂಥ 11:9ರಲ್ಲಿ ತಾನೇ ಹೇಳ್ತಾನೆ, ಮಕೆದೋನ್ಯದ ಸಹೋದರರು ಅವನ ಕೊರತೆ ನೀಗಿಸಿದ್ರು. ಬಡ ಸಭೆಗಳು ಅವು. ಅವರು ಕೊಟ್ಟದ್ದು ಹಣ ಅಲ್ಲ, ಪೌಲನ ದಿನಗಳು. ನಾನು ಅಂಗಡಿ ಕೆಲಸಕ್ಕೆ ನಾಚೋದಿಲ್ಲ. ಆದರೆ ಹೋದ ಬುಧವಾರ ನಮ್ಮ ಒಬ್ಬ ತಂಗಿ ಹೆರಿಗೆಗೆ ಆಸ್ಪತ್ರೆ ಸೇರಿ ಪ್ರಾರ್ಥನೆಗೆ ಫೋನ್ ಮಾಡಿಸಿದಳು. ನಾನು ಕೌಂಟರ್‌ನಲ್ಲಿ ಕ್ಲಚ್ ಪ್ಲೇಟ್ ಎಣಿಸ್ತಿದ್ದೆ. ಫೋನಿನಲ್ಲೇ ಪ್ರಾರ್ಥಿಸಿದೆ.

ಈಗ ಬಂಡಾರದ ಕೋಣೆ. ಇಲ್ಲಿಯ ತನಕ ಸಭೆಯ ಕ್ಯೂಆರ್ ಕೋಡ್ ನನ್ನ ಸ್ವಂತ ನಂಬರಿನದ್ದು. ಕಾಣಿಕೆ ಯಾವುದು, ನನ್ನ ಸಂಬಳ ಯಾವುದು, ಒಂದೇ ಖಾತೆ. ಕದ್ದಿಲ್ಲ, ಆದರೆ ಟೋಬೀಯನ ಸಾಮಾನು ಅಲ್ಲಿದೆ. ಇವತ್ತೇ ಆ ಕೋಡ್ ಗೋಡೆಯಿಂದ ಕಿತ್ತೆ, ನೋಡ್ರಿ, ಟೇಪಿನ ಗುರುತು ಉಳಿದಿದೆ. ಸಭೆಯ ಹೆಸರಲ್ಲಿ ಖಾತೆ ಆಗೋ ತನಕ ನಗದು ಮಾತ್ರ, ಎಣಿಸೋರು ನಾಲ್ಕು ಜನ, ಅದರಲ್ಲಿ ನಾನಿಲ್ಲ, ನನ್ನ ಮನೆಯವರೂ ಇಲ್ಲ. ಹಳೇ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೀನಿ. ಹೋಗುವಾಗ ನೋಡ್ರಿ, ಪ್ರಶ್ನೆ ಇದ್ರೆ ನನ್ನನ್ನೇ ಕೇಳ್ರಿ. ಆ ಅಜ್ಜಿ ಮೊದಲ ಸಾಲಿನಲ್ಲಿದ್ದಾಳೆ, ಎಣಿಸೋ ನಾಲ್ಕರಲ್ಲಿ ಒಬ್ಬಳು ಅವಳೇ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.